ಇಳಿದ ಹದಿನಾಲ್ಕು ಕಿಲೋ

ಸುಶೀಲಾಳ ಕೈ ನಡುಗುವುದನ್ನು ಮೊದಲು ಕಂಡವನು ನಾನೇ. ಕಾರಣ ಹೇಳಿದವನೂ ನಾನೇ.

“ಊಟ ಕಡಿಮಿ ಮಾಡೀದಿ, ಅದಕ್ಕ. ನಾಕ್ ದಿನ ತಡಿ, ಮೈಗೆ ರೂಢಿ ಆಕ್ಕೈತಿ.”

ಅವಳು ನನ್ನ ಹೆಂಡತಿ. ಇಳಕಲ್ಲಿನಲ್ಲಿ ನಮ್ಮದು ಸೀರೆಯ ವ್ಯಾಪಾರ. ಸೈಕಲ್ಲಿಗೆ ಸೀರೆ ಗಂಟು ಕಟ್ಟಿಕೊಂಡು ಹುನಗುಂದ, ಬಾಗಲಕೋಟೆ ಓಣಿಗಳನ್ನು ಸುತ್ತಿ ಮೇಲೆ ಬಂದವನು ನಾನು. ಈಗ ಇಪ್ಪತ್ತು ಮಗ್ಗಗಳಿಗೆ ನೂಲು ಕೊಟ್ಟು ನೇಯಿಸುತ್ತೇನೆ. ಸೆರಗಿನ ಒಂದೊಂದು ಎಳೆಯನ್ನು ಸೀರೆಯ ಒಡಲಿನ ಎಳೆಗೆ ಕೊಂಡಿ ಹಾಕಿ ಕೂಡಿಸುವುದು ಸುಶೀಲಾಳ ಕೆಲಸ. ಮಾತಾಡುತ್ತಲೇ, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ ಕೂಡಿಸುವ ಕೈ ಅದು.

ಆ ಕೈ ನಡುಗುತ್ತಿತ್ತು.

ಅದಕ್ಕೆ ಐದು ತಿಂಗಳ ಹಿಂದೆ ನಮ್ಮ ಓಣಿಯ ಸಾಲೆಯಲ್ಲಿ ಆರೋಗ್ಯ ತಪಾಸಣೆ ಇಟ್ಟಿದ್ದರು. ಇಬ್ಬರೂ ಹೋದೆವು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಭಾಗಿಸಿ, ಬಂದದ್ದನ್ನು ಮತ್ತೊಮ್ಮೆ ಅದೇ ಎತ್ತರದಿಂದ ಭಾಗಿಸಿದರೆ ಸಿಗುವ ಅಂಕಿಗೆ BMI ಅನ್ನುತ್ತಾರೆ. ಐದು ಅಡಿಯ ಸುಶೀಲಾ ಎಪ್ಪತ್ತು ಕಿಲೋ ಇದ್ದಳು. ಅವಳ BMI ಮೂವತ್ತು, ನನ್ನದು ಇಪ್ಪತ್ತೆರಡು. ಅವಳಿಗೆ ತೂಕ ಇಳಿಸಲು ಹೇಳಿದರು. ನನಗೇನೂ ಹೇಳಲಿಲ್ಲ. ಪರೀಕ್ಷೆಯಲ್ಲಿ ಪಾಸಾದವನ ಹಾಗೆ ಮನೆಗೆ ಬಂದೆ.

ಮನೆಗೆ ಬಂದು ಚೌಕಾಶಿ ಶುರು ಮಾಡಿದೆ.

“ಹತ್ತು ಕಿಲೋ ಇಳಸು. ಬಾದಾಮಿಗೆ ಕರ್ಕೊಂಡು ಹೋಗಿ ಮ್ಯಾಲಿನ ಗುಹೆ ತನಾ ಹತ್ತಸ್ತೇನಿ.”

“ಹತ್ತ ಭಾಳಾತ್ರಿ. ಆರು.”

“ಒಂಬತ್ತು.”

“ಎಂಟಕ್ಕ ಮುಗಸ್ರಿ. ಹೆಂಡ್ತಿ ಜೋಡಿನೂ ವ್ಯಾಪಾರ ಮಾಡ್ತೀರಲ್ಲ.”

ಎಂಟಕ್ಕೆ ಮುಗಿಸಿದೆವು. ಅದಕ್ಕೂ ಮುಂಚೆ ಬಾದಾಮಿಗೆ ಎರಡು ಸಲ ಹೋದಾಗಲೂ ಅವಳು ಮೆಟ್ಟಿಲ ಕೆಳಗೆ ಕುಳಿತು ನಮ್ಮ ಚೀಲ ಕಾಯ್ದಿದ್ದಳು.

ಮೊದಲ ಎರಡು ತಿಂಗಳು ತೂಕ ಜಗ್ಗಲಿಲ್ಲ. ಆಮೇಲೆ ಇಳಿಯತೊಡಗಿತು. ನೂಲು ತೂಗುವ ತಕ್ಕಡಿಯ ಮೇಲೆ ಅವಳನ್ನು ಪ್ರತಿ ಸೋಮವಾರ ನಿಲ್ಲಿಸುತ್ತಿದ್ದೆ. ಅರವತ್ತಾರು. ಅರವತ್ತೆರಡು. ಐವತ್ತೊಂಬತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಹೇಗೆ ಇಳಿಸಬೇಕೆಂದು ಉಪದೇಶವನ್ನೂ ಕೊಟ್ಟೆ.

ಹುನಗುಂದದ ನನ್ನ ಅಕ್ಕ ಬಂದವಳು ಬಾಗಿಲಲ್ಲೇ ನಿಂತಳು. “ಏನ್ ತಮ್ಮಾ, ಹೆಣಮಗಳ್ನ ಹಿಂಗ ಒಣಗಿಸೀದಿ? ಕೊಳ್ಳಾಗಿನ ಎಲುಬ ಕಾಣಾಕತ್ತಾವು.”

“ನಿನ್ನನ್ನೂ ತೂಗಲೇನು, ಅಕ್ಕಾ?”

“ನನ್ನ ತೂಗಾಕ ನಿನ್ನ ತಕ್ಕಡಿ ಸಾಲಂಗಿಲ್ಲ. ಇಕಿನ್ನ ಡಾಕ್ಟರ್‌ಗೆ ತೋರ್ಸು.”

ನಕ್ಕೆವು. ಸುಶೀಲಾ ಎಲ್ಲರಿಗಿಂತ ಹೆಚ್ಚು ನಕ್ಕಳು.

ಮಾತಾದದ್ದು ಎಂಟು ಕಿಲೋ, ಇಳಿದದ್ದು ಹದಿನಾಲ್ಕು. ಐವತ್ತಾರಕ್ಕೆ ಬಂದಾಗ ಬಾದಾಮಿಗೆ ಹೋದೆವು. BMI ಇಪ್ಪತ್ತನಾಲ್ಕು. ಮೆಟ್ಟಿಲು ಹತ್ತಿದಳು. ಅರ್ಧದಲ್ಲಿ ನಿಂತು, ನನ್ನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

“ನೋಡ್ರಿ, ಹೆಂಗ ಹೊಡ್ಕೊಳ್ಳಾಕತ್ತೈತಿ.”

“ಮೆಟ್ಲಾ ಹತ್ತಿದ್ರ ಎಲ್ಲಾರದೂ ಹೊಡ್ಕೋತೈತಿ. ನಡಿ.”

ಆ ಬಡಿತ ಈಗಲೂ ನನ್ನ ಅಂಗೈಯಲ್ಲಿದೆ. ಒಂದು ಹೊಡೆತ, ಎರಡು ಹೊಡೆತ, ನಡುವೆ ಒಂದು ಇಲ್ಲವೇ ಇಲ್ಲ, ಮತ್ತೆ ನಾಲ್ಕು ಒಟ್ಟಿಗೆ. ನೇಯುವ ಮಗ್ಗದ ಸಪ್ಪಳದಲ್ಲಿ ಒಂದು ಏಟು ತಪ್ಪಿದರೆ ತಲೆಯೆತ್ತಿ ನೋಡುವವನು ನಾನು. ಅಂದು ನೋಡಲಿಲ್ಲ.

ಎಂಟು ದಿನ ಕಳೆದಿತ್ತು. ಬೆಳಿಗ್ಗೆ ಕೊಂಡಿ ಹಾಕುತ್ತಿದ್ದವಳ ಕೈಯಿಂದ ಎಳೆ ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ನನ್ನತ್ತ ತಿರುಗಿ ಏನೋ ಹೇಳಿದಳು.

ಮಾತು ತೊದಲಾಗಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು.

ಬಾಗಲಕೋಟೆಯ ಆಸ್ಪತ್ರೆಗೆ ಹೇಗೆ ಹೋದೆವೋ ನೆನಪಿಲ್ಲ. CT ಸ್ಕ್ಯಾನ್, ECG, ರಕ್ತ ಪರೀಕ್ಷೆ. ICU ಬಾಗಿಲಿನ ಹೊರಗೆ ನಿಂತು, ಇಳಿದ ಕಿಲೋಗಳನ್ನು ವಾಪಸು ಕೊಡುವುದಾಗಿ ದೇವರ ಹತ್ತಿರವೂ ಚೌಕಾಶಿ ಮಾಡಿದೆ. ಅವಳು ಬದುಕಿದರೆ ಸಾಕು.

ಮೂರನೆಯ ದಿನ ಮಾತು ಸ್ವಲ್ಪ ತಿರುಗಿತು. ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು, ನಮ್ಮ ಕಡೆಯವರೇ. ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ, ಅದರಿಂದ ಹೃದಯದ ಬಡಿತ ತಪ್ಪಿದೆ, ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋಗಿ ಸ್ಟ್ರೋಕ್ ಆಗಿದೆ ಎಂದರು. ಆಮೇಲೆ ಸುಶೀಲಾಳನ್ನು ಕೇಳಿದರು, “ಊಟ ಕಡಿಮಿ ಮಾಡಿದ್ರೇನವ್ವಾ?”

ಅವಳು ನನ್ನ ಮುಖ ನೋಡಿದಳು. ನಿಧಾನವಾಗಿ ಹೇಳಿದಳು.

“ಮೊದಲ ಮಾಡಿದ್ದೆ. ಆಮ್ಯಾಗ ತಡಕೊಳ್ಳಾರದಷ್ಟು ಹಸಿವು. ಇವರು ಅಂಗಡಿಗೆ ಹೋದ ಮ್ಯಾಲೆ ನಾಕ್ ರೊಟ್ಟಿ ತಿಂತಿದ್ದೆ. ಇವರಿಗೆ ಹೇಳಿರಲಿಲ್ಲ.”

ತಿನ್ನುತ್ತಿದ್ದಳು. ತಿಂದರೂ ಇಳಿಯುತ್ತಿದ್ದಳು.

“BMI ಮೂವತ್ತರಿಂದ ಇಪ್ಪತ್ತನಾಕಕ್ಕ ಬಂದಿತ್ರಿ, ಮೇಡಂ,” ಅಂದೆ. ದೂರು ಹೇಳಿದ ಹಾಗಿತ್ತು ನನ್ನ ದನಿ.

“ಆ ಮೂವತ್ತೂ ಸುಳ್ಳಲ್ರಿ, ಈ ಇಪ್ಪತ್ತನಾಕೂ ಸುಳ್ಳಲ್ಲ. ಎತ್ತರಕ್ಕ ತೂಕ ಎಷ್ಟು ಅಂತ BMI ಹೇಳ್ತೈತಿ. ಅದರಾಗ ಕೊಬ್ಬೆಷ್ಟು, ಮಾಂಸಖಂಡ ಎಷ್ಟು, ತೂಕ ಯಾಕ ಇಳೀತು, ಅದು ಹೇಳಂಗಿಲ್ಲ. ಅದನ್ನ ನೀವು ಕೇಳಬೇಕಿತ್ತು.” ನನ್ನ ಹೊಟ್ಟೆಯ ಕಡೆ ನೋಡಿದರು. “ನಿಮ್ಮ BMI ಚೊಲೋ ಇರಬೇಕು. ಆದ್ರ ನಡುವಿನ ಸುತ್ತಳತಿ, ಶುಗರು ನೋಡಿಸ್ಕೊಳ್ರಿ.”

ನೋಡಿಸಿಕೊಂಡೆ. ಶುಗರ್ ಇತ್ತು. ಅದು ಬೇರೆ ಮಾತು.

ನನ್ನನ್ನು ಕಾಡುವುದು ‘ಯಾಕೆ’ ಎನ್ನುವ ಆ ಒಂದು ಪ್ರಶ್ನೆ. ನೇಕಾರನಿಗೆ ನೂಲು ತೂಗಿ ಕೊಡುತ್ತೇನೆ, ಸೀರೆ ಬಂದಾಗ ತೂಗಿ ತೆಗೆದುಕೊಳ್ಳುತ್ತೇನೆ. ಹಿಡಿ ನೂಲಿನಷ್ಟು ಕಡಿಮೆ ಬಂದರೂ ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳದೆ ಬಿಟ್ಟವನಲ್ಲ. ನನ್ನ ಕಣ್ಣೆದುರು, ನನ್ನದೇ ತಕ್ಕಡಿಯಲ್ಲಿ ಹದಿನಾಲ್ಕು ಕಿಲೋ ಹೆಂಡತಿ ಕಡಿಮೆಯಾದಳು. ಶಹಬ್ಬಾಸ್ ಅಂದೆ.

ನನ್ನ ಹಾಗೆ ಲೆಕ್ಕದಲ್ಲಿ ಜಾಣರಾದವರಿಗೆ ಹೇಳುತ್ತೇನೆ. BMI ತಿಳಿದುಕೊಳ್ಳಿ, ಹೆಚ್ಚಿದ್ದರೆ ಇಳಿಸಿ. ಆದರೆ ಪ್ರಯತ್ನಕ್ಕೆ ಮೀರಿ ತೂಕ ಇಳಿದರೆ ಸಿಹಿ ಹಂಚಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕೈ ನಡುಗಿದರೆ, ಎದೆ ಬಡಿತ ಏರುಪೇರಾದರೆ ನೀವೇ ಕಾರಣ ಹುಡುಕಬೇಡಿ. ಮನೆಯವರ ಜೊತೆ ಊಟದ ವಿಷಯದಲ್ಲಿ ಪಂದ್ಯ ಕಟ್ಟಬೇಡಿ. ಸೋಲಬಾರದೆಂದು ಅವರು ಮುಚ್ಚಿಡುತ್ತಾರೆ.

ಈಗ ಮಾತು ಪೂರ್ತಿ ಬಂದಿದೆ. ಗುಳಿಗೆ ನಡೆದಿವೆ. ತೂಕ ಅರವತ್ತೆರಡು. ಬಲಗೈಯ ಎರಡು ಬೆರಳು ಮಾತ್ರ ಎಳೆ ಹಿಡಿಯುವುದಿಲ್ಲ. ಕೊಂಡಿ ಹಾಕಲು ಪಕ್ಕದ ಮನೆಯವಳು ಬರುತ್ತಾಳೆ, ಸುಶೀಲಾ ಹತ್ತಿರ ಕುಳಿತು ತಪ್ಪು ತೋರಿಸುತ್ತಾಳೆ. ಇಷ್ಟಕ್ಕೇ ಮುಗಿಯಿತಲ್ಲ ಎಂದು ದಿನಾ ಕೈ ಮುಗಿಯುತ್ತೇನೆ.

ಬಾದಾಮಿಯ ಮೆಟ್ಟಿಲ ಮೇಲೆ ತೆಗೆದ ಫೋಟೋ ನನ್ನ ಮೊಬೈಲಿನಲ್ಲಿದೆ. ಅದರಲ್ಲಿ ಅವಳ ಕಣ್ಣುಗಳು ಅಗಲವಾಗಿ ಹೊಳೆಯುತ್ತವೆ. ಕೆನ್ನೆ ಕೆಂಪು. ಅದೂ ರೋಗದ ಗುರುತೇ ಎಂದು ಆಮೇಲೆ ಡಾಕ್ಟರ್ ಹೇಳಿದರು. ಅಳಿಸಲಾರೆ, ನೋಡಲಾರೆ.

ಮೊನ್ನೆ ಮಧ್ಯಾಹ್ನ ಅದನ್ನು ತೆಗೆದುಕೊಂಡು ಕುಳಿತಿದ್ದೆ. ಸುಶೀಲಾ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಖರೇ ಹೇಳ್ರಿ. ಆವಾಗ ನಾ ಚಂದ ಕಾಣ್ತಿದ್ನಿಲ್ಲೋ?”

ಯಾವ ಗಿರಾಕಿಗೂ ಉತ್ತರಕ್ಕೆ ತಡವರಿಸಿದವನಲ್ಲ ನಾನು. ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದೆ.

“ಹೂಂ,” ಅಂದೆ.

“ನನಗೂ ಹಂಗ ಅನಸ್ತಿತ್ತು,” ಅಂದಳು. ಎಡಗೈಯಿಂದ ಮೊಬೈಲ್ ಇಸಿದುಕೊಂಡು ತಾನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಊಟಕ್ಕೆ ಕರೆದಳು.