ಅಮೆರಿಕಕ್ಕೆ ಹೋಗದ ಮಿಡಿಸೌತೆ

ರಾಮಗಿರಿಯ ಹೋಟೆಲಿನಲ್ಲಿ ಈಗಲೂ ನನ್ನನ್ನು ಕೆಣಕುತ್ತಾರೆ. "ಬರ್ರಿ ಬರ್ರಿ, ಅಮೆರಿಕ ಬಂತು, ಕುಂತ್ಕಳ್ರಿ. ಏನಂತೆ ಸುಂಕ, ಇಳೀತಂತಾ, ಏರ್ತಂತಾ?" ನಾನು ಚಾ ಕುಡಿದು ಎದ್ದು ಬರುತ್ತೇನೆ. ಹೋದ ವರ್ಷದ ಮುಂಗಾರಿನವರೆಗೆ ಹೀಗಿರಲಿಲ್ಲ. ಆಗ ಯಾರೂ ಕೇಳಬೇಕಾಗಿಯೇ ಇರಲಿಲ್ಲ. ನಾನೇ ಶುರು ಮಾಡುತ್ತಿದ್ದೆ, ನಿಲ್ಲಿಸುವ ಗಂಡು ಆ ಹೋಟೆಲಿನಲ್ಲಿ ಇರಲಿಲ್ಲ.

ನಾನು ರೈಲ್ವೆ ಗೇಟ್‌ಮನ್ ಆಗಿದ್ದವನು. ಮೂವತ್ತು ಚಿಲ್ಲರೆ ವರ್ಷ ಗೇಟು ಹಾಕಿದ್ದೇನೆ, ತೆಗೆದಿದ್ದೇನೆ. ಒಂದು ರೈಲು ಹೋದ ಮೇಲೆ ಇನ್ನೊಂದು ಬರುವ ತನಕ ಒಬ್ಬನೇ ಕೂತಿರಬೇಕು. ಆ ಹೊತ್ತನ್ನು ಹಳೆಯ ಇಂಗ್ಲಿಷ್ ಪೇಪರುಗಳನ್ನು ಅಕ್ಷರ ಬಿಡದೆ ಓದಿ ಕಳೆದೆ. ನಿವೃತ್ತನಾದ ಮೇಲೆ ಮೊಬೈಲು ಬಂತು. ಅಲ್ಲಿಂದ ನನ್ನ ತಲೆ ಕೆಟ್ಟಿತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳಲ್ಲ.

ಅಮೆರಿಕದಲ್ಲಿ ಕೋಟು ಹಾಕಿಕೊಂಡು ಮೇಜು ಕುಟ್ಟಿ ಮಾತಾಡುವ ಬಲಪಂಥದ ಟೀವಿ ಮಾತುಗಾರರಿದ್ದಾರಲ್ಲ, ಅವರೆಂದರೆ ನನಗೆ ಪ್ರಾಣ. ಅವರ ಇಂಗ್ಲಿಷು ಅರ್ಧ ತಿಳಿಯುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ತಿಳಿದುಕೊಳ್ಳುತ್ತಿದ್ದೆ. ಅವರು ಹೇಳುತ್ತಿದ್ದದ್ದು ನಮ್ಮವ್ವ ಹೇಳುತ್ತಿದ್ದದ್ದೇ: ಹಾಸಿಗೆ ಇದ್ದಷ್ಟು ಕಾಲು ಚಾಚು. ಸರ್ಕಾರ ನೋಟು ಅಚ್ಚು ಹಾಕಿ ಹಂಚಿದರೆ ಬೆಲೆ ಏರದೆ ಇಳಿಯುತ್ತದೆಯೇ? ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂದು ಕಂಡವರ ಯುದ್ಧಕ್ಕೆ ಸುರಿಯುವುದು ಯಾಕೆ? ಹೇಳದೆ ಕೇಳದೆ ಗಡಿ ದಾಟಿ ಬಂದವನನ್ನು ಮಣೆ ಹಾಕಿ ಕೂರಿಸುತ್ತಾರೇನು? ತನ್ನ ಊರಿನ ಕಾರ್ಖಾನೆ ತುಕ್ಕು ಹಿಡಿಯುತ್ತಿರುವಾಗ ಹೊರಗಿನ ಸರಕಿಗೆ ಬಾಗಿಲು ತೆರೆದವನು ಯಜಮಾನನೇ ಅಲ್ಲ. ಇವನ್ನೆಲ್ಲ ನಾನು ಹೋಟೆಲಿನಲ್ಲಿ ನನ್ನದೇ ಮಾತೆಂಬಂತೆ ಹೇಳುತ್ತಿದ್ದೆ. ಅವರು ಹೊಗಳುತ್ತಿದ್ದ ಅಮೆರಿಕದ ಅಧ್ಯಕ್ಷ ಎರಡನೇ ಸಲ ಗೆದ್ದ ದಿನ ಅಲ್ಲಿದ್ದವರಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದೆ. "ಗೇಟು ಹಾಕಾದು ಗೊತ್ತಿರೋ ಗಂಡಸು ಬಂದ ನೋಡ್ರಲೇ" ಎಂದೆ.

ನನಗೊಬ್ಬಳು ತಂಗಿ. ಹೊಸದುರ್ಗದ ಕಡೆ, ಮತ್ತೋಡಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ನಮ್ಮದು ಕುರಿ ಕಾಯುವ ಮನೆತನ. ಅವಳ ಮದುವೆಯಲ್ಲಿ ಅವ್ವ ಬಳುವಳಿ ಎಂದು ಎರಡು ಹೆಣ್ಣುಕುರಿ ಹೊಡೆದುಕೊಟ್ಟಳು. ಆ ಎರಡರ ಸಂತಾನವೇ ಬೆಳೆದು ಮೂವತ್ತೆರಡಾಗಿತ್ತು. ಅವ್ವ ತೀರಿಕೊಂಡು ಎಷ್ಟೋ ಕಾಲವಾಯಿತು. ರೊಪ್ಪದಲ್ಲಿ ಕುರಿ ಅರಚಿದರೆ "ತಡಿ ಅಣ್ಣ, ಅವ್ವ ಕರೀತಾಳೆ" ಎಂದು ತಂಗಿ ನಗುತ್ತಾ ಎದ್ದು ಹೋಗುತ್ತಿದ್ದಳು. ಅವಳ ಗಂಡನಿಗೆ ಮಂಡಿನೋವು ಹತ್ತಿಕೊಂಡ ಮೇಲೆ ಕುರಿಯ ಹಿಂದೆ ಗುಡ್ಡ ತಿರುಗುವ ಕೆಲಸವೆಲ್ಲ ಅವಳೊಬ್ಬಳ ಕಾಲಿಗೆ ಬಿತ್ತು.

ಅದೇ ಹೊತ್ತಿಗೆ ಆ ಕಡೆ ಮಿಡಿಸೌತೆ ಬಂದಿತ್ತು. ಬೆರಳುದ್ದದ ಸೌತೆ. ಕಂಪನಿಯವರೇ ಬೀಜ ಕೊಡುತ್ತಾರೆ, ಅವರೇ ಕೊಳ್ಳುತ್ತಾರೆ, ಉಪ್ಪುನೀರಿನ ಡ್ರಮ್ಮಿಗೆ ತುಂಬಿ ಹಡಗು ಹತ್ತಿಸುತ್ತಾರೆ. ನಮ್ಮಲ್ಲಿ ಅದನ್ನು ಯಾರೂ ತಿನ್ನುವುದಿಲ್ಲ. ಅಮೆರಿಕದವರು ಬನ್ನಿನ ನಡುವೆ ಇಟ್ಟುಕೊಂಡು ತಿನ್ನುತ್ತಾರಂತೆ. ಈ ಬೆಳೆಗೆ ಕಾಯುವ ಗುಣವಿಲ್ಲ. ಇವತ್ತು ಬೆರಳಷ್ಟಿದ್ದದ್ದು ನಾಳೆ ಹೆಬ್ಬೆಟ್ಟಿಗಿಂತ ದಪ್ಪವಾಗಿರುತ್ತದೆ, ನಾಡಿದ್ದು ಕಂಪನಿಯವನು ಮುಟ್ಟುವುದಿಲ್ಲ. ದಿನವೂ ಕೀಳಬೇಕು. ತಂಗಿ ಎರಡು ಹಂಗಾಮು ಬೋರಿನ ಪಕ್ಕದ ಹತ್ತು ಗುಂಟೆಯಲ್ಲಿ ಬೆಳೆದು ಗೆದ್ದಿದ್ದಳು. ದಪ್ಪವಾದದ್ದನ್ನು ಕುರಿಗೆ ಹಾಕುತ್ತಿದ್ದಳು, ಅವು ಕರಕರ ತಿನ್ನುತ್ತಿದ್ದವು.

ಹೋದ ಮುಂಗಾರಿಗೆ ಕಂಪನಿಯ ಹುಡುಗ ಬಂದು ಎಕರೆ ಪೂರ್ತಿ ಹಾಕಿ ಎಂದ. ಮಳೆ ಚೆನ್ನಾಗಿತ್ತು, ಮಾರಿಕಣಿವೆ ಅಣೆಕಟ್ಟು ತುಂಬಿ ನಿಂತಿತ್ತು, ಬೋರಿನಲ್ಲಿ ನೀರು ಧಾರಾಳವಾಗಿತ್ತು. ಆದರೆ ಬಳ್ಳಿ ಹಬ್ಬಿಸಲು ಕಂಬ, ತಂತಿ, ಹನಿ ನೀರಿನ ಪೈಪು ಎಲ್ಲ ಬೇಕು. ಅದಕ್ಕೆ ಕುರಿ ಮಾರಬೇಕು. ತಂಗಿಯ ಗಂಡ ಒಪ್ಪಲಿಲ್ಲ. "ಹತ್ತಾದ್ರೂ ಇಟ್ಕಳಾಣ. ಪೇಪರ್ನಾಗೆ ಆ ಅಮೆರಿಕದೋನು ಸುಂಕ ಹಾಕ್ತೀನಿ ಅಂತಾ ಕುಂತವ್ನೆ" ಎಂದ. ತಂಗಿ ನನಗೆ ಫೋನು ಮಾಡಿ ಕರೆಸಿದಳು.

ಜಗಲಿಯ ಮೇಲೆ ಕೂತು ಅವಳು ಕೇಳಿದ್ದು ನನಗೆ ನಿನ್ನೆಯದೆಂಬಂತೆ ನೆನಪಿದೆ. "ಅಣ್ಣ, ಅಮೆರಿಕದ ಇಚಾರ ನಮಗೇನ್ ತಿಳೀತೈತೆ. ನಿನಗೆ ತಿಳೀತೈತೆ. ಅವನು ನಿಜವಾಗ್ಲೂ ಹಾಕ್ತಾನಾ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಪಕ್ಕದ ಮನೆಯವರೂ ಬಂದು ನಿಂತಿದ್ದರು, ಚಾ ಬಂದಿತ್ತು, ನನ್ನ ಹಾಳು ನಾಲಿಗೆಗೆ ಸಭೆ ಸಿಕ್ಕಿತ್ತು. "ಅವನು ಯಾಪಾರಸ್ಥ ಕಣವ್ವ" ಎಂದೆ. "ಯಾಪಾರಸ್ಥ ಮೊದ್ಲು ಜೋರು ಮಾಡ್ತಾನೆ, ಆಮೇಲೆ ಚೌಕಾಸಿ. ಅವನ ಸಿಟ್ಟೆಲ್ಲ ಚೀನಾದ ಮ್ಯಾಲೆ. ನಾವು ಗೆಣೆಕಾರ್ರು. ನಮಗ್ಯಾಕೆ ಹಾಕ್ತಾನೆ?" ಸಾಲ ಮಾಡಬೇಡ, ಸಬ್ಸಿಡಿಗೆಂದು ಆಫೀಸು ಅಲೆಯಬೇಡ, ಕೈಯಲ್ಲಿರುವುದನ್ನು ಮಾರಿ ಬಂಡವಾಳ ಹಾಕು, ಅರ್ಧಂಬರ್ಧ ಮಾಡಿದವರು ಉದ್ಧಾರವಾಗಿಲ್ಲ ಎಂದೂ ಹೇಳಿದೆ. ಅವಳ ಗಂಡ ಏನೋ ಹೇಳಲು ಬಾಯಿ ತೆರೆದ. "ನೀವು ಸುಮ್ನಿರ್ರಿ ಬಾವ" ಎಂದು ಅವನ ಬಾಯಿ ಮುಚ್ಚಿಸಿದೆ.

ಮೂವತ್ತೆರಡನ್ನೂ ಪಕ್ಕದ ಹೊಲದವನು ಕೊಂಡ. ಹೊಡೆದುಕೊಂಡು ಹೋಗುವಾಗ ತಂಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಹೊರಗೆ ಬರಲಿಲ್ಲ. ಕರಿಕಿವಿಯ ಒಂದು ಮುದಿ ಕುರಿ ಬಾಗಿಲ ತನಕ ಬಂದು ಒಳಗೆ ಇಣುಕಿತು. ನಾನೇ ಅದನ್ನು ತಳ್ಳಿ ಮಂದೆಗೆ ಸೇರಿಸಿದೆ.

ಬಳ್ಳಿ ಸೊಗಸಾಗಿ ಎದ್ದಿತು. ಹಳದಿ ಹೂವು ಬಿಟ್ಟ ದಿನ ತಂಗಿ ಫೋಟೋ ತೆಗೆಸಿ ಕಳಿಸಿದಳು. ಸರಿಯಾಗಿ ಆಗಲೇ ಸುಂಕ ಬಿತ್ತು. ಬಿದ್ದ ಮೇಲೂ ನಾನು ಹೋಟೆಲಿನಲ್ಲಿ ಅದು ಬರೀ ಬೆದರಿಕೆ, ಇಳಿಸುತ್ತಾನೆ ಎಂದೇ ವಾದಿಸಿದೆ. ಇಳಿಸಲಿಲ್ಲ. ನಮ್ಮ ದೇಶ ರಷ್ಯಾದ ಎಣ್ಣೆ ಕೊಳ್ಳುತ್ತದೆಂದು ಅದರ ಮೇಲೆ ಅಷ್ಟೇ ಇನ್ನೊಂದು ಹೇರಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ರಷ್ಯಾ ಎಲ್ಲಿ, ಎಣ್ಣೆ ಎಲ್ಲಿ, ಮತ್ತೋಡಿನ ಸೌತೆಕಾಯಿ ಎಲ್ಲಿ!

ಮೊದಮೊದಲು ಕಂಪನಿಯವರು ತೀರ ಸಣ್ಣ ಕಾಯಿ ಮಾತ್ರ ಸಾಕು ಎಂದರು. ಆಮೇಲೆ ವಾರಕ್ಕೆ ಎರಡೇ ದಿನ ಗಾಡಿ ಬಂತು. ಆಮೇಲೆ ಬರಲೇ ಇಲ್ಲ. ತಂಗಿ ಬೆಳಗ್ಗೆ ಕಿತ್ತು ಮೂಟೆ ಕಟ್ಟಿ ರಸ್ತೆಯಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಮಧ್ಯಾಹ್ನ ಫೋನು ಮಾಡುತ್ತಿದ್ದಳು. "ಅಣ್ಣ, ಇವತ್ತು ಅಮೆರಿಕದೋನು ಏನಂದ?" ಒಂದೇ ಪ್ರಶ್ನೆ, ದಿನಾ. ನಾನು ಬೆಳಗಿನಿಂದ ಮೊಬೈಲು ಕೆದಕಿ ಏನಾದರೊಂದು ಆಸೆಯ ಮಾತು ಹೆಕ್ಕಿ ಇಟ್ಟುಕೊಂಡಿರುತ್ತಿದ್ದೆ. ನಮ್ಮವರು ಮಾತುಕತೆಗೆ ಹೋಗಿದ್ದಾರೆ, ಅವನು ನಮ್ಮನ್ನು ಒಳ್ಳೆ ಸ್ನೇಹಿತರು ಅಂದಿದ್ದಾನೆ, ಇನ್ನೊಂದು ವಾರ ತಡಿ. ಅವಳು ನಂಬುತ್ತಿದ್ದಳು. ಅದೇ ನನ್ನನ್ನು ಕೊಂದದ್ದು.

ತಡೆಯಲಾರದೆ ಒಂದು ದಿನ ಹಿರಿಯೂರಿನ ಆಚೆ ಹೆದ್ದಾರಿ ಪಕ್ಕದಲ್ಲಿರುವ ಕಂಪನಿಯ ಗೋದಾಮಿಗೆ ಹೋದೆ. ಅಂಗಳದ ತುಂಬ ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿದ್ದವು, ವಿನೆಗರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಮ್ಯಾನೇಜರು ಕೂರಿಸಿ ನೀರು ಕೊಟ್ಟ. ನಾನು ಕೂಗಾಡಿದೆ. ಎಕರೆ ಪೂರ್ತಿ ಬಿತ್ತಿ ಎಂದವರು ನೀವೇ, ಈಗ ಕೈ ಎತ್ತಿದರೆ ಹೇಗ್ರಿ? ಪಾಪ, ಅವನ ಕಣ್ಣಲ್ಲೂ ನಿದ್ದೆ ಇರಲಿಲ್ಲ. "ಕೊಳ್ಳೋರೇ ಬ್ಯಾಡ ಅಂದವ್ರೆ ಸಾರ್. ತುಂಬಿದ್ದೇ ಇಲ್ಲಿ ಕೂತೈತೆ ನೋಡ್ರಿ" ಎಂದ. "ಅವರ ದೇಶ, ಅವರ ಗೇಟು. ಅವರಿಗೆ ಅವರ ರೈತರು ಮೊದ್ಲು. ನಾವು ಏನು ಕೇಳಾಕಾಗ್ತೈತೆ ಹೇಳ್ರಿ?"

ಇದು ನನ್ನದೇ ಮಾತು. ಹೋಟೆಲಿನಲ್ಲಿ ನೂರು ಸಲ ಆಡಿದ ಮಾತು. ಅವನು ಕೊಟ್ಟ ನೀರು ಕುಡಿದು ಎದ್ದು ಬಂದೆ.

ಬಸ್ಸಿನಲ್ಲಿ ಬರುವಾಗ ಗೇಟಿನ ಕೆಲಸವೇ ತಲೆಯಲ್ಲಿ ತಿರುಗುತ್ತಿತ್ತು. ಗೇಟು ಹಾಕುವುದೆಂದರೆ ಬರೀ ಹ್ಯಾಂಡಲ್ ತಿರುಗಿಸುವುದಲ್ಲ. ಹಾಕುವ ಮೊದಲು ಹಳಿಯ ಮೇಲೆ ಯಾರಾದರೂ ಸಿಕ್ಕಿಹಾಕಿಕೊಂಡಿದ್ದಾರೆಯೇ ಎಂದು ಎರಡೂ ಕಡೆ ನೋಡಬೇಕು. ಒಮ್ಮೆ ಒಂದು ಕುರಿಮಂದೆ ನಡುವೆ ಸಿಕ್ಕಿಕೊಂಡಾಗ ಕೊನೆಯ ಮರಿ ದಾಟುವ ತನಕ ನಾನು ಹಾಕಲಿಲ್ಲ. ಮೇಲಿನವರಿಂದ ಬೈಸಿಕೊಂಡೆ. ಈ ಸಲ ಗೇಟು ಹಾಕಿದವನು ಬೇರೆ, ನಿಜ. ಆದರೆ ಹಾಕು ಹಾಕು ಎಂದು ಇಲ್ಲಿ ಕೂತು ಚಪ್ಪಾಳೆ ತಟ್ಟಿದವನು ನಾನು. ನಡುವೆ ನನ್ನ ತಂಗಿ ನಿಂತಿದ್ದಳು. ನಾನೇ ಅವಳನ್ನು ಅಲ್ಲಿ ನಿಲ್ಲಿಸಿದ್ದೆ. ದೇಶಕ್ಕೊಂದು ಗೇಟು ಬೇಕು ಎಂದು ಈಗಲೂ ನಂಬುತ್ತೇನೆ, ಆ ಬುದ್ಧಿ ಬದಲಾಗುವ ವಯಸ್ಸಲ್ಲ ನನ್ನದು. ಅವತ್ತು ಮಾತ್ರ ಬಸ್ಸಿನಲ್ಲಿ ಟವೆಲ್ಲು ಮುಖಕ್ಕೆ ಹಾಕಿಕೊಂಡು ಅತ್ತೆ.

ಮನೆಗೆ ಹೋಗದೆ ಮತ್ತೋಡಿಗೇ ಹೋಗಿ ಇಪ್ಪತ್ತು ದಿನ ತಂಗಿಯ ಮನೆಯಲ್ಲಿ ಉಳಿದೆ. ಕೀಳದೆ ಬಿಟ್ಟರೆ ಬಳ್ಳಿ ಹೊಸ ಕಾಯಿ ಬಿಡುವುದಿಲ್ಲ, ನಾಳೆ ಸುಂಕ ಇಳಿದರೆ ಬೇಕಲ್ಲ ಎಂದು ಮೂವರೂ ಕೀಳುತ್ತಲೇ ಇದ್ದೆವು. ಕಿತ್ತದ್ದನ್ನು ಬದುವಿಗೆ ಸುರಿದೆವು. ಹೊಸದುರ್ಗದ ಸಂತೆಗೆ ಎರಡು ಮೂಟೆ ಹೊತ್ತುಕೊಂಡು ಹೋದೆ. ಒಬ್ಬ ಹೆಂಗಸು ಮುರಿದು ಬಾಯಿಗಿಟ್ಟು "ಥೂ, ಇದೇನಣ್ಣ ಸಪ್ಪೆ, ಬ್ಯಾರೆ ಏನೂ ಇಲ್ವಾ?" ಎಂದು ಅಲ್ಲೇ ಉಗಿದು ಹೋದಳು. ನಾನೇ ಪಲ್ಯ ಮಾಡಿ ನೋಡಿದೆ, ಮೂರು ಹೊತ್ತು ಅದನ್ನೇ ತಿಂದೆವು. ತಂಗಿಯ ಗಂಡ ತಟ್ಟೆ ನೋಡಿ "ಬಾವ, ನಾವೂ ಅಮೆರಿಕದೋರು ಆದ್ವಿ" ಎಂದ. ಅವನು ನನಗೆ ಚುಚ್ಚಿದ್ದು ಅದೊಂದೇ ಮಾತು. ಅದಕ್ಕಿಂತ ಜಾಸ್ತಿ ಬೈದಿದ್ದರೆ ಊಟ ಸೇರುತ್ತಿತ್ತು.

ಹತ್ತನೇ ದಿನ ತಂಗಿ ಹೊಲಕ್ಕೆ ಹೋಗಲಿಲ್ಲ. ಒಂದು ವಾರಕ್ಕೆ ಬಳ್ಳಿಯ ತುಂಬ ಕಾಯಿ ಮೊಣಕೈಯಷ್ಟಾಗಿ, ಹಳದಿಯಾಗಿ ಜೋತುಬಿತ್ತು. ಆಗ ಪಕ್ಕದ ಹೊಲದವನು ಬಂದು ಬಾಗಿಲಲ್ಲಿ ಹಿಂಜರಿಯುತ್ತಾ ನಿಂತ. "ಅಕ್ಕ, ತಪ್ಪು ತಿಳ್ಕಾಬ್ಯಾಡ. ಹೆಂಗೂ ಹಾಳಾಗ್ತೈತೆ, ಕುರಿ ಬಿಟ್ಕಳ್ಲಾ?" ಎಂದ. ಒಳ್ಳೆಯ ಮನುಷ್ಯ, ಮೋಸವೇನೂ ಇಲ್ಲ. ತಂಗಿ, "ಬಿಡಪ್ಪ. ಯಾರ ಹೊಟ್ಟೆಗಾದ್ರೂ ಹೋಗ್ಲಿ" ಎಂದಳು.

ಮೂವತ್ತೆರಡೂ ಬಂದವು. ಬದುವಿನ ಮೇಲೆ ತಂಗಿ ಕೂತಿದ್ದಳು. ಕುರಿಗಳು ಕಾಯಿಗೆ ಬಾಯಿ ಹಾಕಲಿಲ್ಲ. ಕರಿಕಿವಿಯದು ಮುಂದೆ, ಉಳಿದವು ಹಿಂದೆ, ನೇರ ಅವಳ ಹತ್ತಿರ ಓಡಿಬಂದು ಸುತ್ತ ಮುತ್ತಿಕೊಂಡು ಅರಚತೊಡಗಿದವು. ಸೆರಗು ಎಳೆದವು, ಕೈ ನೆಕ್ಕಿದವು. ಅವಳು ಅತ್ತಳೆಂದು ಹೇಳಿದರೆ ಸುಳ್ಳಾಗುತ್ತದೆ. "ಹೋಗ್ರೇ, ತಿನ್ರೇ, ನಿಮ್ಮವ್ವನ್ನ ಆಮೇಲೆ ನೋಡಿರಂತೆ" ಎಂದು ತಲೆ ತಟ್ಟಿ ತಟ್ಟಿ ಬಳ್ಳಿಯ ಕಡೆ ಅಟ್ಟಿದಳು. ಅವಳೇ ಕಾಯಿ ಮುರಿದು ಒಂದೊಂದರ ಬಾಯಿಗೂ ಇಟ್ಟಳು. ಆಮೇಲೆ ಕರಕರ ತಿಂದವು.

ಸಂಜೆ ಪಕ್ಕದ ಹೊಲದವನು ಎಷ್ಟು ಕೂಗಿದರೂ ಅವು ಕದಲಲಿಲ್ಲ. ಕೋಲು ತೋರಿಸಿದರೆ ತಂಗಿಯ ಬೆನ್ನ ಹಿಂದೆ ಹೋಗಿ ನಿಂತವು. ಕೊನೆಗೆ ಅವನು ನಾಚಿಕೆಯಿಂದ, "ಅಕ್ಕ, ನೀನೇ ಒಂದೀಟು ಮುಂದೆ ನಡದ್ರೆ ಬರ್ತಾವೆ" ಎಂದ. ಅವಳು ಎದ್ದಳು. ಟುರ್ರ್ ಎಂದು ನಾಲಿಗೆಯಲ್ಲಿ ಸದ್ದು ಮಾಡುತ್ತಾ ಮುಂದೆ ಮುಂದೆ ನಡೆದು, ನಮ್ಮವ್ವ ಕೊಟ್ಟ ಕುರಿಗಳನ್ನು ತನ್ನ ಕೈಯಾರೆ ಇನ್ನೊಬ್ಬರ ರೊಪ್ಪದ ಒಳಗೆ ಬಿಟ್ಟಳು. ಮುಳ್ಳಿನ ತಡಿಕೆ ಎಳೆದು ಮುಚ್ಚಿದವಳೂ ಅವಳೇ. ಒಳಗಿನಿಂದ ಕರಿಕಿವಿಯದು ಅರಚುತ್ತಲೇ ಇತ್ತು. ಅವ್ವ ಕರೀತಾಳೆ ಎಂದು ಅವಳು ಅನ್ನಲಿಲ್ಲ.

ನಾನು ಅವಳ ಜೊತೆ ವಾಪಸು ನಡೆದೆ. ಅರ್ಧ ದಾರಿಯಲ್ಲಿ ಅವಳು, ದಿನವೂ ಕೇಳುವ ಹಾಗೆಯೇ, ಕೇಳಿದಳು. "ಅಣ್ಣ, ಇವತ್ತು ಅಮೆರಿಕದೋನು ಏನಂದ?"

ಬೆಳಗ್ಗೆ ನೋಡಿಟ್ಟುಕೊಂಡ ಒಂದು ಆಸೆಯ ಸುದ್ದಿ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. "ನನಗೆ ಗೊತ್ತಿಲ್ಲ ಕಣವ್ವ" ಎಂದೆ.

ಅವಳು ನಿಂತು ನನ್ನ ಮುಖ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅವತ್ತೇ ಹಿಂಗಂದಿದ್ರೆ ಆಗ್ತಿತ್ತಲ್ಲಣ್ಣ."