ತೊಂಬತ್ತೊಂದು ಕೋಟಿಯ ಲೆಕ್ಕ

ಸಂಜೆ ಆರು ಗಂಟೆ. ಅಕ್ಕನ ಸಾವಿಗೆ ಮಾತಾಡಿಸಲು ಬಂದವರಿಂದ ಇಡೀ ದಿನ ಮನೆ ತುಂಬಿತ್ತು. ಅವಳಿಗೆ ಲೆಕ್ಕ ಕಲಿಸಿದ್ದು ತಾನೇ ಎಂದು ಸೋದರಮಾವ ಎಲ್ಲರಿಗೂ ಹೇಳಿಕೊಂಡ.

ನಾವು ಚಿಕ್ಕವರಿದ್ದಾಗ ಈ ಮಾವ ಅರಮನೆ ನೌಕರಿಯ ಜರಿಪೇಟ ಕಳಚದೆ ಕೂತು, ಸ್ಲೇಟಿನ ಮೇಲೆ ೯೧೮೨೭೩೬೪೫ ಎಂದು ಬರೆದು, "ಒಂಬತ್ತರಿಂದ ಭಾಗಿಸಿ, ನೋಡೋಣ" ಎಂದು ಬಂದವರನ್ನೆಲ್ಲ ಹೆದರಿಸುತ್ತಿದ್ದ. ಅವನಿಗೆ ಬರುತ್ತಿದ್ದ ವಿದ್ಯೆ ಅದೊಂದೇ. ಗಿಳಿಯೂ ಅಷ್ಟು ಕಲಿಯುತ್ತದೆ.

ಒಂದು ದಿನ ಅಕ್ಕ ಸ್ಲೇಟು ನೋಡಿ ನಕ್ಕಳು. "ಒಂಬತ್ತು, ಹದಿನೆಂಟು, ಇಪ್ಪತ್ತೇಳು, ಮೂವತ್ತಾರು, ನಲವತ್ತೈದು. ಮಗ್ಗೀನೇ ಸಾಲಾಗಿ ಬರೆದಿದ್ದೀಯಲ್ಲೋ ಮಾವ! ಉತ್ತರ ೧೦೨೦೩೦೪೦೫."

ಮಾವನ ಮುಖ ಹುಳ್ಳಗಾಯಿತು. "ಬಾಯಿ ಜಾಸ್ತಿಯಾಯ್ತು ಭಾವ, ಸ್ಕೂಲು ಬಿಡಿಸ್ಬುಡಿ" ಎಂದ. ಅಪ್ಪ ಬಿಡಿಸಿದರು.

ನಾಳೆ ಅಕ್ಕನ ವೈಕುಂಠ ಸಮಾರಾಧನೆ. ಮೊದಲ ಎಲೆ ಮಾವನಿಗೆ.