ತಡಿ ಮೇಷ್ಟ್ರು ಹೇಳದೆ ಬಿಟ್ಟ ಸಾಲು

ನಮ್ಮ ಸಭೆಯ ಸಂಡೇ ಸ್ಕೂಲಿನ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಅದರಲ್ಲಿ ಹೆಚ್ಚಿನ ಪುಟಗಳು ಒಬ್ಬರದೇ ಆಗುತ್ತವೆ. ಕ್ರಿಸ್ತನು ಆದಿ ಅಂತ್ಯವಿಲ್ಲದ ದೇವರೆಂಬ ನಂಬಿಕೆಯನ್ನು ದೊಡ್ಡ ಗ್ರಂಥಗಳಲ್ಲಿ ವಿವರಿಸಿದ ಪಂಡಿತರು ಅನೇಕರಿದ್ದಾರೆ. ಅದನ್ನು ಹಲ್ಲು ಬೀಳುತ್ತಿರುವ ಮಕ್ಕಳ ಮುಂದೆ ಇಟ್ಟು, ಅವರು ಕೇಳಿದ್ದಕ್ಕೆಲ್ಲ ತಲೆಬಾಗಿ ನಿಂತವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರು ಆ ವಿರಳರಲ್ಲಿ ಒಬ್ಬರು. ದೊಡ್ಡವರಿಗೆ ಅವರು ಮೇಷ್ಟ್ರು, ಮಕ್ಕಳಿಗೆ ‘ತಡಿ ಮೇಷ್ಟ್ರು’. ಪಾಠವನ್ನು ಗಡಗಡನೆ ಒಪ್ಪಿಸಲು ಹೊರಟ ಮಗುವಿನ ಮುಂದೆ ಕೈಯೆತ್ತಿ ಅವರು ಹೇಳುತ್ತಿದ್ದದ್ದು ಅದೊಂದೇ: “ತಡಿ, ತಡಿ. ಬಾಯಿ ಮುಂದೆ ಓಡ್ತಾ ಇದೆ, ನೀನು ಹಿಂದೆ ಉಳ್ಕೊಂಡಿದ್ದೀಯ.”

ಅಭಿನಂದನೆಯ ಪುಸ್ತಕದಲ್ಲಿ ಅನುಮಾನದ ಕಥೆ ಬರೆಯುವುದು ಸರಿಯೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಮೇಷ್ಟ್ರನ್ನು ಹೊಗಳಿದವರಿಗಿಂತ ಅವರ ಮೇಲೆ ಅನುಮಾನಪಟ್ಟವರೇ ಅವರನ್ನು ಹೆಚ್ಚು ಹತ್ತಿರದಿಂದ ನೋಡಿದವರು. ಅಂಥವರಲ್ಲಿ ಮೊದಲ ಹೆಸರು ಟೈಲರಮ್ಮನದು.

ಅದಕ್ಕೆ ಮೊದಲು ಮೇಷ್ಟ್ರ ಆರಂಭದ ದಿನಗಳ ಬಗ್ಗೆ ಎರಡು ಮಾತು. ವಾರವೆಲ್ಲ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಈ ತರುಣ ಭಾನುವಾರಗಳನ್ನು ನಮಗೆ ಕೊಡುತ್ತೇನೆಂದು ಬಂದಾಗ, ಚರ್ಚಿನ ಹಿಂದಿನ ಕೋಣೆ ಮುರಿದ ಬೆಂಚುಗಳ ಉಗ್ರಾಣವಾಗಿತ್ತು. ಅವರು ಅವನ್ನೆಲ್ಲ ರಿಪೇರಿ ಮಾಡಿದರು, ಮಕ್ಕಳ ಕಾಲು ನೆಲಕ್ಕೆ ತಾಗಲೆಂದು ಬೆಂಚಿನ ಕಾಲುಗಳನ್ನೇ ಕತ್ತರಿಸಿದರು. ಆರಾಧನೆಯಲ್ಲಿ ಮಕ್ಕಳು ಕೂರುವುದು ಅವೇ ಬೆಂಚುಗಳ ಮೇಲೆ; ಒಂದು ಇವತ್ತಿಗೂ ಅಲ್ಲಾಡುತ್ತದೆ. ಆ ವರ್ಷ ತರಗತಿಯಲ್ಲಿ ಮಾತು ತಡವರಿಸುವ ಹುಡುಗಿಯೊಬ್ಬಳಿದ್ದಳು. ಆರಾಧನೆಯಲ್ಲಿ ಎದ್ದು ನಿಂತು ಒಟ್ಟಾಗಿ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವನ್ನು ಎಲ್ಲರೂ ಹೇಳಿ ಮುಗಿಸುವ ಹೊತ್ತಿಗೆ ಅವಳು ಅರ್ಧ ದಾರಿಯಲ್ಲಿರುತ್ತಿದ್ದಳು. ಮೇಷ್ಟ್ರು ಅವಳನ್ನು ತಿದ್ದಲು ಹೋಗದೆ, ಇಡೀ ತರಗತಿಯನ್ನು ಅವಳ ವೇಗಕ್ಕೆ ಇಳಿಸಿದರು. ಆ ಮಕ್ಕಳು ಬೆಳೆದು ದೊಡ್ಡವರ ಸಾಲಿನಲ್ಲಿ ಕುಳಿತ ಮೇಲೆ ಸಭೆಯೇ ನಿಧಾನವಾಯಿತು. ಈಗಲೂ ಹೊರಗಿನಿಂದ ಬಂದವರು ನಮ್ಮಲ್ಲಿ ವಿಶ್ವಾಸಪ್ರಮಾಣ ಹೇಳುವಾಗ ಮುಂದೆ ಹೋಗಿಬಿಟ್ಟು, ನಾಚಿಕೊಂಡು ಹಿಂದೆ ಬರುತ್ತಾರೆ.

ಆ ನಿಧಾನದಿಂದಲೇ ಟೈಲರಮ್ಮನ ಕಣ್ಣಿಗೆ ಮೇಷ್ಟ್ರ ಒಂದು ಸಂಗತಿ ಬಿತ್ತು.

ಟೈಲರಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವರು. ಗಂಡನಿಗೆ ಹಡಗಿನಲ್ಲಿ ಕೆಲಸ, ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಇಪ್ಪತ್ತು ಗುಂಡಿಗಳಲ್ಲಿ ಒಂದರ ದಾರ ಬೇರೆಯಾಗಿದ್ದರೂ ಅವರಿಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಚರ್ಚಿನಲ್ಲಿ ಅವರು ಕೂರುತ್ತಿದ್ದ ಬದಿಯ ಸಾಲಿನಿಂದ ಮಕ್ಕಳ ಬೆಂಚುಗಳೂ, ಅವುಗಳ ತುದಿಯಲ್ಲಿ ನಿಂತ ಮೇಷ್ಟ್ರ ಮುಖವೂ ನೇರವಾಗಿ ಕಾಣುತ್ತಿದ್ದವು. ಒಂದು ಭಾನುವಾರ, ಮಗನಾದ ಕ್ರಿಸ್ತನು ಎಲ್ಲ ಕಾಲಕ್ಕೂ ಮೊದಲೇ ತಂದೆಯೊಡನೆ ಇದ್ದವನು, ದೇವರಿಂದ ಬಂದ ದೇವರು ಎಂದು ಸಾರುವ ಸಾಲು ಬಂದಾಗ, ಮೇಷ್ಟ್ರ ತುಟಿಗಳು ಮುಚ್ಚಿಕೊಂಡವು. ಸಾಲು ಮುಗಿದ ಮೇಲೆ ಮತ್ತೆ ತೆರೆದವು.

ಕೆಮ್ಮು ಬಂದಿರಬೇಕು ಎಂದುಕೊಂಡರು ಟೈಲರಮ್ಮ. ಮುಂದಿನ ವಾರ ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೆ ಅದೇ ಸಾಲು, ಮತ್ತೆ ಮುಚ್ಚಿದ ಬಾಯಿ. ಮೂರನೆಯ ವಾರ ಅವರಿಗೆ ಪಾದ್ರಿಗಳ ಪ್ರಸಂಗದ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಮನೆಗೆ ಬಂದವರೇ ಅತ್ತೆಯ ಮುಂದೆ ಹೇಳಿದರು. “ಅತ್ತೆ, ನಮ್ಮ ಮೇಷ್ಟ್ರಿಗೆ ಯೇಸು ಸ್ವಾಮಿ ದೇವರು ಅನ್ನೋದ್ರಲ್ಲೇ ನಂಬಿಕೆ ಇಲ್ವೇನೋ.”

“ಅಯ್ಯೋ, ಅಷ್ಟು ಒಳ್ಳೇ ಮನುಷ್ಯ ಕಣೇ.”

“ಒಳ್ಳೇತನ ಬೇರೆ. ಬಾಯಿ ಯಾಕೆ ಮುಚ್ಕೋತಾರೆ?”

ಅತ್ತೆ ಹೆಣೆಯುತ್ತಿದ್ದ ಉಣ್ಣೆಯನ್ನು ಮಡಿಲಿಗೆ ಇಳಿಸಿದರು. “ನನಗೂ ಮೊದಲಿಂದ ಒಂದು ಥರ ಅನ್ನಿಸ್ತಿತ್ತು ನೋಡು. ಅತೀ ಮೆತ್ತಗೆ ಮಾತಾಡೋರನ್ನ ನಂಬಬಾರದು.” ಅರ್ಧ ನಿಮಿಷದ ಹಿಂದಿನ ಒಳ್ಳೇ ಮನುಷ್ಯ ಅಲ್ಲಿಗೆ ಮುಗಿದುಹೋದ.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಕಂಡದ್ದೆಲ್ಲ ಸಾಕ್ಷಿಯಾಗುತ್ತದೆ. ಟೈಲರಮ್ಮ ಹಿರಿಮಗಳನ್ನು ಕೂರಿಸಿಕೊಂಡು, ತಲೆ ಬಾಚುವ ನೆಪದಲ್ಲಿ ವಿಚಾರಣೆ ನಡೆಸಿದರು. ಮೇಷ್ಟ್ರು ಯೇಸು ಸ್ವಾಮಿಯ ಬಗ್ಗೆ ಏನು ಕಲಿಸಿದರು?

“ಹಸಿವಾಯ್ತು ಅಂತ. ದೋಣೀಲಿ ನಿದ್ದೆ ಬಂತು ಅಂತ. ಸ್ನೇಹಿತ ಸತ್ತಾಗ ಅತ್ರು ಅಂತ.”

“ಅಷ್ಟೇನಾ? ದೇವರು ಅಂತ ಹೇಳ್ಲಿಲ್ವಾ?”

“ಹೇಳಿದ್ರು.” ಹುಡುಗಿ ಇನ್ನೇನೋ ಹೇಳಲು ಹೋಗಿ ನಿಲ್ಲಿಸಿದಳು. “ಕೂದಲು ಎಳೀಬೇಡಮ್ಮ, ನೋಯುತ್ತೆ.”

ಮಗಳು ನಿಲ್ಲಿಸಿದ್ದು ತಾಯಿಗೆ ಕಾಣದೆ ಹೋಗಲಿಲ್ಲ. ಆದರೆ ಅದನ್ನೂ ಮೇಷ್ಟ್ರ ಲೆಕ್ಕಕ್ಕೇ ಸೇರಿಸಿದರು: ಮಕ್ಕಳ ಬಾಯನ್ನೂ ಕಟ್ಟಿಹಾಕಿದ್ದಾರೆ! ಅದೇ ಸಂಜೆ ಅವರು ಸಭೆಯ ಮುಖ್ಯ ಹಿರಿಯರ ಮನೆಗೆ ಹೋದರು.

ಹಿರಿಯರು ಮೊದಲೇ ಅನುಮಾನದ ಪ್ರಾಣಿ. ಕಾಣಿಕೆಯ ತಟ್ಟೆ ಹಿಡಿದವರ ಕೈಯನ್ನೂ ಗಮನಿಸುವವರು. ಅವರು ಚರ್ಚಿನ ಪಕ್ಕದ ಕೋಣೆಗೆ ಮೇಷ್ಟ್ರನ್ನು ಕರೆಸಿದರು. ದೂರು ಕೊಟ್ಟವರೆಂದು ಟೈಲರಮ್ಮನೂ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು.

“ಆ ಸಾಲು ಬಂದಾಗ ಬಾಯಿ ಮುಚ್ತೀರಂತೆ. ನಿಜಾನಾ ಮೇಷ್ಟ್ರೇ?”

“ನಿಜ.”

“ಯಾಕೆ?”

“ಅದನ್ನ ಹೇಳೋಕಾಗಲ್ಲ.”

“ಯೇಸು ಸ್ವಾಮಿ ದೇವರು, ಯಾವಾಗಲೂ ಇದ್ದೋರು ಅಂತ ನಂಬ್ತೀರೋ ಇಲ್ವೋ?”

“ನಂಬ್ತೀನಿ. ಮಗನಿಲ್ಲದೆ ತಂದೆ ಒಬ್ಬರೇ ಇದ್ದ ಕಾಲ ಅಂತ ಒಂದು ಇರಲೇ ಇಲ್ಲ. ‘ಮುಂಚೆ’ ಅನ್ನೋ ಮಾತು ಹುಟ್ಟೋಕೂ ಮುಂಚೆ ಇದ್ದೋರು ಅವರು.”

“ಹಾಗಾದ್ರೆ ಆ ಸಾಲನ್ನ ಇಲ್ಲೇ ಒಂದ್ಸಲ ಹೇಳಿಬಿಡಿ. ಎಲ್ಲರೂ ಮನೆಗೆ ಹೋಗೋಣ.”

ಮೇಷ್ಟ್ರು ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡಿಕೊಂಡರು. “ಈಗ ಹೇಳಲಾರೆ. ಒಬ್ಬರಿಗೆ ಮಾತು ಕೊಟ್ಟಿದ್ದೀನಿ.”

“ಯಾರಿಗೆ?”

“ಅದನ್ನೂ ಹೇಳಲಾರೆ.”

ಟೈಲರಮ್ಮ ಮನಸ್ಸಿನಲ್ಲೇ ಲೆಕ್ಕ ಮುಗಿಸಿದರು. ಯಾವುದೋ ಬೇರೆ ಪಂಥದವರ ಜೊತೆ ಸೇರಿಬಿಟ್ಟಿದ್ದಾರೆ, ಇನ್ನು ಅನುಮಾನವೇ ಇಲ್ಲ! ಹಿರಿಯರಿಗೂ ಹಾಗೇ ಅನ್ನಿಸಿತು. ಬರುವ ಭಾನುವಾರ ಸಭೆಯ ಮುಂದೆ ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಇಲ್ಲವಾದರೆ ಹಿಂದಿನ ಕೋಣೆಯ ಬೀಗದ ಕೈ ಒಪ್ಪಿಸಿ ಹೋಗಬೇಕು ಎಂದು ತೀರ್ಮಾನವಾಯಿತು. ಮೇಷ್ಟ್ರು ವಾದ ಮಾಡಲಿಲ್ಲ. ಹೊರಡುವಾಗ ಟೈಲರಮ್ಮನ ಕಡೆ ತಿರುಗಿ, “ಹುಡುಗಿ ಚೆನ್ನಾಗಿದ್ದಾಳಾ?” ಎಂದು ಕೇಳಿದರು. ಆ ಪ್ರಶ್ನೆಯೂ ಟೈಲರಮ್ಮನಿಗೆ ಒಂದು ಥರ ಕಂಡಿತು.

ವಾರದ ನಡುವೆ ಕಿರಿಯ ಮಗಳು ಬಟ್ಟೆ ಕತ್ತರಿಸುವ ಮೇಜಿನ ಮೂಲೆಗೆ ಬಿದ್ದು ಗಲ್ಲ ಒಡೆದುಕೊಂಡಳು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನೋಡಿ, “ಏನಿಲ್ಲಮ್ಮ, ಎರಡು ಹೊಲಿಗೆ ಹಾಕಿದ್ರೆ ಆಯ್ತು. ಕಲೆಯೂ ಉಳಿಯಲ್ಲ” ಎಂದರು. ಟೈಲರಮ್ಮ ಮಗುವನ್ನು ತೊಡೆಯ ಮೇಲೆ ಬಿಗಿಯಾಗಿ ಹಿಡಿದರು. ಸೂಜಿ ಚುಚ್ಚಿದಾಗ ಮಗು ಕಿರುಚಿತು. ತಾಯಿಯ ಕಣ್ಣಿಂದ ನೀರು ಇಳಿದು ಮಗುವಿನ ಕೂದಲಿಗೆ ಬಿತ್ತು. ಹಿರಿಮಗಳು ಬಾಗಿಲ ಬಳಿ ನಿಂತು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಸಂಜೆ ಚಿಕ್ಕದು ನಿದ್ದೆ ಹೋದ ಮೇಲೆ, ಲಂಗದ ಅಂಚು ಮಡಿಸಿ ಹೊಲಿಯುತ್ತಿದ್ದ ತಾಯಿಯ ಪಕ್ಕ ಅವಳು ಬಂದು ಕುಳಿತಳು.

“ಅಮ್ಮ, ಅವಳಿಗೆ ವಾಸಿ ಆಗುತ್ತೆ ಅಂತ ನಿನಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು. ಡಾಕ್ಟರೇ ಹೇಳಿದ್ರಲ್ಲ.”

“ಮತ್ತೆ ನೀನ್ಯಾಕೆ ಅತ್ತಿದ್ದು? ಡಾಕ್ಟರ್ ಮುಂದೆ ನಾಟಕಾನಾ?”

“ನಾಟಕ ನಿನ್ನ ತಲೆ! ಆಮೇಲೆ ವಾಸಿ ಆಗುತ್ತೆ ಅಂದ್ರೆ ಈಗ ನೋಯಲ್ಲ ಅಂತಾನಾ? ಮಗು ನನ್ನ ತೊಡೆ ಮೇಲೆ ಅಳ್ತಾ ಇತ್ತು ಕಣೇ. ನನಗೇನು ಕಲ್ಲಿನ ಎದೇನಾ?”

ಹುಡುಗಿ ಚೂರುಬಟ್ಟೆಯೊಂದನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ತನ್ನಷ್ಟಕ್ಕೇ ಹೇಳಿಕೊಂಡಳು: “ಹಾಗಾದ್ರೆ ಯೇಸು ಸ್ವಾಮೀದೂ ನಾಟಕ ಅಲ್ಲ.”

ಟೈಲರಮ್ಮನ ಸೂಜಿ ನಿಂತಿತು. ಆಗ ಎಲ್ಲ ಹೊರಬಂತು. ತಿಂಗಳುಗಳ ಹಿಂದೆ ಅವಳು ಮೇಷ್ಟ್ರನ್ನು ಕೇಳಿದ್ದಳು: ಯೇಸು ಸ್ವಾಮಿ ದೇವರಾಗಿದ್ದರೆ ಸತ್ತ ಸ್ನೇಹಿತನನ್ನು ಇನ್ನೊಂದು ಗಳಿಗೆಯಲ್ಲಿ ತಾವೇ ಜೀವ ಕೊಟ್ಟು ಎಬ್ಬಿಸುತ್ತೇವೆಂದು ಅವರಿಗೆ ಗೊತ್ತಿರಲೇಬೇಕು. ಗೊತ್ತಿದ್ದೂ ಸಮಾಧಿಯ ಮುಂದೆ ಅತ್ತರೆ ಅದು ನಾಟಕ. ನಿಜವಾಗಿ ಅತ್ತಿದ್ದರೆ ಅವರಿಗೆ ಗೊತ್ತಿರಲಿಲ್ಲ, ಹಾಗಾದರೆ ಅವರು ದೇವರಲ್ಲ. ಮೇಷ್ಟ್ರು ಅವಳನ್ನು ಗದರಲಿಲ್ಲ. ತಾವು ಓದಿದ್ದನ್ನೆಲ್ಲ ಹೇಳಿದರು: ಆತನು ಪೂರ್ತಿ ದೇವರು, ಪೂರ್ತಿ ಮನುಷ್ಯ, ಒಂದು ಇನ್ನೊಂದನ್ನು ನುಂಗುವುದಿಲ್ಲ ಎಂದು. “ಅದು ಬಾಯಿಪಾಠ ಇದೆ ಮೇಷ್ಟ್ರೇ, ಆದ್ರೆ ಅತ್ತದ್ದು?” ಎಂದು ಅವಳು ಅಲ್ಲೇ ನಿಂತಿದ್ದಳು. ನಂಬಲಾಗದ ಸಾಲನ್ನು ಹೇಳಲಾರೆ ಎಂದಿದ್ದಳು.

“ಮೇಷ್ಟ್ರು ಏನಂದ್ರು?”

“ಹೇಳಬೇಡ, ಉಳಿದವರು ನಿನ್ನ ಪರವಾಗಿ ಹೇಳ್ತಾರೆ ಅಂದ್ರು. ನೀನೊಬ್ಬಳೇ ಸುಮ್ನಿದ್ರೆ ಬೇಜಾರಾಗುತ್ತೆ, ನಾನೂ ನಿನ್ನ ಜೊತೆ ಸುಮ್ನಿರ್ತೀನಿ, ನೀನು ಹೇಳೋ ದಿನ ನಾನೂ ಹೇಳ್ತೀನಿ ಅಂತ ಮಾತು ಕೊಟ್ರು.”

“ನನಗೆ ಯಾಕೆ ಹೇಳ್ಲಿಲ್ಲ?”

“ಬೈತೀಯ ಅಂತ.” ಹುಡುಗಿ ಸೇರಿಸಿದಳು, “ನೀನೂ ಆ ಸಾಲು ಹೇಳ್ತಿರ್ಲಿಲ್ಲ ಅಮ್ಮ. ಮೇಷ್ಟ್ರ ಬಾಯಿ ನೋಡ್ಕೊಂಡು ನಿಂದೂ ಮುಚ್ಚೇ ಇರ್ತಿತ್ತು.”

ಊರಿನವರ ಬಟ್ಟೆಯ ತಪ್ಪನ್ನೆಲ್ಲ ಹಿಡಿಯುವ ಕಣ್ಣು ಎದುರಿನ ಬೆಂಚಿನಲ್ಲೇ ಇದ್ದ ತನ್ನ ಮಗಳ ಮುಚ್ಚಿದ ಬಾಯನ್ನು ನೋಡಿರಲಿಲ್ಲ. ಟೈಲರಮ್ಮ ಎದ್ದು ಚಪ್ಪಲಿ ಮೆಟ್ಟಿದರು, ಈಗಲೇ ಮೇಷ್ಟ್ರಿಗೆ ಹೇಳಿಬರುತ್ತೇನೆಂದು. ಮಗಳು ಸೆರಗು ಹಿಡಿದಳು. “ಬೇಡಮ್ಮ. ನಾನು ಹೇಳೋದನ್ನ ಅವರೇ ಕೇಳಿಸ್ಕೊಳ್ಳಲಿ.”

ಭಾನುವಾರ ಮೇಷ್ಟ್ರು ಬಂದಾಗ ಬೀಗದ ಕೈ ಅವರ ಮುಷ್ಟಿಯಲ್ಲಿತ್ತು. ಅವರಿಗೇನೂ ತಿಳಿದಿರಲಿಲ್ಲ, ಕೆಲಸ ಬಿಡಲು ಸಿದ್ಧರಾಗಿಯೇ ಬಂದಿದ್ದರು. ಹಿರಿಯರು ಮುಂದಿನ ಕಂಬದ ಪಕ್ಕ ನಿಂತು ಅವರ ಮುಖದಿಂದ ಕಣ್ಣು ತೆಗೆಯಲಿಲ್ಲ. ಸಭೆ ಎಂದಿನಂತೆ ನಿಧಾನವಾಗಿ ಆ ಸಾಲಿನವರೆಗೆ ಬಂತು. ಮೇಷ್ಟ್ರ ತುಟಿಗಳು ಮುಚ್ಚಿಕೊಂಡವು. ಹಿರಿಯರು ಕಂಬವನ್ನು ಬಿಟ್ಟು ಒಂದು ಹೆಜ್ಜೆ ಮುಂದಿಟ್ಟರು. ಟೈಲರಮ್ಮ ಈ ಸಲ ಮಗಳನ್ನೇ ನೋಡುತ್ತಿದ್ದರು. ಹುಡುಗಿ ಉಸಿರೆಳೆದುಕೊಂಡಳು, ಸಣ್ಣ ದನಿಯಲ್ಲಿ ಸಾಲನ್ನು ಹಿಡಿದಳು. ಮೇಷ್ಟ್ರು ತಟ್ಟನೆ ತಿರುಗಿದರು. ಮಾತು ಕೊಟ್ಟಿದ್ದರಲ್ಲ, ತಡವಾಗಿಯಾದರೂ ಅವಳ ಜೊತೆ ಸೇರಿಕೊಂಡರು. ಎಲ್ಲರೂ ಮುಗಿಸಿದ ಮೇಲೂ ಒಂದು ಗಂಡು ದನಿ ಮಾತ್ರ ಆ ಸಾಲಿನ ಕೊನೆಯನ್ನು ಇಡೀ ಚರ್ಚಿಗೆ ಕೇಳುವಂತೆ ಹೇಳಿತು.

ಬೀಗದ ಕೈ ಅವರಲ್ಲೇ ಉಳಿಯಿತು. ಕಾರಣವನ್ನು ಅವರು ಹಿರಿಯರಿಗೆ ಕೊನೆಗೂ ಹೇಳಲಿಲ್ಲ, ಹಿರಿಯರ ಅನುಮಾನವೂ ಪೂರ್ತಿ ಹೋಗಲಿಲ್ಲ. ಕ್ಷಮೆ ಕೇಳಲು ಹೋದ ಟೈಲರಮ್ಮನಿಗೆ ಸಿಕ್ಕಿದ್ದು ಹಳೆಯ ಮಾತೇ: “ತಡೀರಿ, ತಡೀರಿ. ನೀವು ನೋಡಿದ್ದು ಸರೀನೇ. ಇನ್ನೊಂಚೂರು ಪಕ್ಕಕ್ಕೆ ನೋಡ್ಬೇಕಿತ್ತು ಅಷ್ಟೆ.” ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಬರೆಯಬಹುದು ಎಂದು ಅವಳೇ ಒಪ್ಪಿದ ಮೇಲೆ ಈ ಸಂಗತಿ ಇಲ್ಲಿ ಬಂದಿದೆ. ಹಿರಿಯರೂ ಓದಿಕೊಳ್ಳಲಿ.

ಹೋದ ಭಾನುವಾರ ಮೇಷ್ಟ್ರ ಬೀಳ್ಕೊಡುಗೆಯ ಆರಾಧನೆ ನಡೆಯಿತು. ಹಾರ, ಭಾಷಣ ಎಲ್ಲಕ್ಕೂ ಮೊದಲು ಸಭೆ ಎದ್ದು ನಿಂತು ವಿಶ್ವಾಸಪ್ರಮಾಣವನ್ನು ಹೇಳಿತು. ಆ ಸಾಲು ಬಂದಾಗ ಟೈಲರಮ್ಮ ಹಳೆಯ ಅಭ್ಯಾಸದಿಂದ ಒಮ್ಮೆ ಕಣ್ಣು ಹಾಯಿಸಿದರು. ಮೇಷ್ಟ್ರ ಬಾಯಿ ಮುಚ್ಚಿತ್ತು. ಟೈಲರಮ್ಮ ಆ ಸಾಲನ್ನು ತಾವು ಗಟ್ಟಿಯಾಗಿ ಹೇಳುತ್ತ, ಮೇಷ್ಟ್ರನ್ನು ಬಿಟ್ಟು ಮಕ್ಕಳ ಬೆಂಚಿನತ್ತ ಕಣ್ಣು ತಿರುಗಿಸಿದರು. ಒಂದೊಂದೇ ಮುಖವನ್ನು ದಾಟುತ್ತ, ಅಲ್ಲಾಡುವ ಬೆಂಚಿನ ತುದಿಯಲ್ಲಿ ತುಟಿ ಬಿಗಿದು ನಿಂತ ಪುಟ್ಟ ಮಗುವಿನವರೆಗೆ ಬಂದರು.

ನಿವೃತ್ತಿ ಎಂದು ಕಾಗದದಲ್ಲಿ ಏನೇ ಬರೆದಿರಲಿ, ಆ ಮಗುವಿಗೆ ಕೊಟ್ಟ ಮಾತು ಇನ್ನೂ ಬಾಕಿ ಇದೆ. ಆ ಸಾಲನ್ನು ಅದರ ಜೊತೆ ನಿಂತು ಹೇಳುವಷ್ಟು ಆಯುಸ್ಸನ್ನೂ, ಆಮೇಲೆ ಬರುವ ಇನ್ನೆಷ್ಟೋ ಮಕ್ಕಳ ಪಕ್ಕದಲ್ಲಿ ಸುಮ್ಮನೆ ಕಾಯುವಷ್ಟು ಆರೋಗ್ಯವನ್ನೂ, ಕಾಲಕ್ಕೂ ಮೊದಲೇ ಇದ್ದಾತನು ನಮ್ಮ ಮೇಷ್ಟ್ರಿಗೆ ಧಾರಾಳವಾಗಿ ಕೊಡಲಿ.